ಸಾಲ್ಸ್‌ಬರಿಯಲ್ಲಿ ಒಂದು ರಾತ್ರಿ ಉಳಿಯಿರಿ

ಅಪ್ಪ-ಅಮ್ಮ ಲಂಡನ್ನಿಗೆ ಬರುತ್ತಿದ್ದಾರೆ, ಸ್ಟೋನ್‌ಹೆಂಜ್‌ನ ಪ್ರಾಚೀನ ಕಲ್ಲುಗಳ ವೃತ್ತ ನೋಡಲು ಸಾಲ್ಸ್‌ಬರಿ ಮೇಲೆ ಹೋಗಬೇಕಂತೆ, ಆ ಊರಲ್ಲಿ ನಿಂತು ನೋಡುವಂಥದ್ದೇನಾದರೂ ಇದೆಯಾ ಅಥವಾ ಸ್ಟೇಷನ್ನಿನಲ್ಲೇ ಬಸ್ ಹತ್ತಿಬಿಡುವುದಾ ಎಂದು ಕೇಳಿದ್ದೀರಿ. ದಯವಿಟ್ಟು ಬಸ್ ಹತ್ತಿ ಹೋಗಿಬಿಡಬೇಡಿ. ಮೊದಲ ಸಲ ನಾನು ಮಾಡಿದ್ದು ಅದನ್ನೇ. ಕಲ್ಲುಗಳನ್ನು ನೋಡಿ, ಸಂಜೆ ರೈಲಿಗೆ ಓಡುವಾಗ ಮನೆಗಳ ಮೇಲೆ ಊರಿನ ಕ್ಯಾಥೆಡ್ರಲ್‌ನ, ಅಂದರೆ ಬಿಷಪ್ಪರ ದೊಡ್ಡ ಚರ್ಚಿನ, ಶಿಖರ ಕಂಡಿತು. ಆಗಲೇ ತಪ್ಪು ಮಾಡಿದೆ ಅನ್ನಿಸಿತ್ತು. ಎರಡು ವರ್ಷದ ಮೇಲೆ ಅಮ್ಮ ಮೈಸೂರಿನಿಂದ ಬಂದಾಗ ಅಲ್ಲೇ ಒಂದು ರಾತ್ರಿ ಉಳಿದೆವು. ಅದರ ಮೇಲೆ ಹೇಳುತ್ತಿದ್ದೇನೆ.

ಲಂಡನ್ನಿನ ವಾಟರ್ಲೂ ಸ್ಟೇಷನ್ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಊರು ಸಣ್ಣದು, ವಯಸ್ಸಾದವರೂ ನಿಧಾನವಾಗಿ ನಡೆದೇ ನೋಡಬಹುದು.

ನೇರ ಕ್ಯಾಥೆಡ್ರಲ್‌ಗೆ ಹೋಗಿ. 1220ರಲ್ಲಿ ಪಾಯ ಹಾಕಿ, ಮುಖ್ಯ ಕಟ್ಟಡವನ್ನು 38 ವರ್ಷದಲ್ಲೇ ಮುಗಿಸಿದರು. ಆ ಕಾಲದ ಎಷ್ಟೋ ಕ್ಯಾಥೆಡ್ರಲ್‌ಗಳು ನೂರಾರು ವರ್ಷ ಕಟ್ಟಿಸಿಕೊಂಡು ಒಂದೊಂದು ಮೂಲೆಯಲ್ಲಿ ಒಂದೊಂದು ಶೈಲಿ ಹೊತ್ತಿವೆ. ಇದು ಹಾಗಲ್ಲ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೈ ಕಟ್ಟಿದ ಹಾಗಿದೆ. 123 ಮೀಟರಿನ ಶಿಖರ ಮಾತ್ರ ಆಮೇಲೆ ಬಂದದ್ದು. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಚರ್ಚ್ ಶಿಖರ ಇಲ್ಲ.

ಒಳಗೆ ಹೋದವರೆಲ್ಲ ಮೇಲೆ ನೋಡುತ್ತಾರೆ. ನೀವು ಶಿಖರದ ನೇರ ಕೆಳಗೆ, ನಟ್ಟನಡುವೆ ನಿಂತು ನಾಲ್ಕು ಮೂಲೆಯ ಕಂಬಗಳನ್ನು ನೋಡಿ. ಸಣ್ಣ ಸಣ್ಣ ಕಪ್ಪು ಕಂಬಗಳನ್ನು ಸುತ್ತ ಜೋಡಿಸಿ ಕಟ್ಟಿದ ದಪ್ಪ ಕಂಬಗಳವು. ಒಂದು ಕಣ್ಣು ಮುಚ್ಚಿ ಬುಡದಿಂದ ಮೇಲಕ್ಕೆ ದೃಷ್ಟಿ ಹಾಯಿಸಿದರೆ ಬಿಲ್ಲಿನ ಹಾಗೆ ಬಾಗಿರುವುದು ಗೊತ್ತಾಗುತ್ತದೆ. ಗೋಪುರ ಮತ್ತು ಶಿಖರ ಸೇರಿ ಸುಮಾರು 6,500 ಟನ್ ಭಾರವನ್ನು, ಮೊದಲು ಅದಕ್ಕೆಂದು ಕಟ್ಟಿರದ ಕಂಬಗಳ ಮೇಲೆ ಹೊರಿಸಿದ್ದಾರೆ. ಪಾಯ ಎಷ್ಟು ಆಳ ಗೊತ್ತೇ? ಸುಮಾರು 4 ಅಡಿ! ಕೆಳಗಿರುವುದು ನೀರು ತುಂಬಿದ ಜಲ್ಲಿ ನೆಲ. ಆ ನೀರು ಇಳಿದುಹೋಗದೆ ಜಲ್ಲಿ ಬಿಗಿಯಾಗಿ ಕೂತಿರುವುದರಿಂದಲೇ ಕಟ್ಟಡ ನಿಂತಿದೆ. ನೆಲದಲ್ಲೊಂದು ಸಣ್ಣ ಮುಚ್ಚಳ ಎತ್ತಿ, ಕೋಲು ಇಳಿಬಿಟ್ಟು ನೀರಿನ ಮಟ್ಟ ಅಳೆಯುತ್ತಾರೆ, ನಮ್ಮಲ್ಲಿ ಬಾವಿಗೆ ಹಗ್ಗ ಬಿಟ್ಟು ನೋಡಿದ ಹಾಗೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಬಂದು ಪರೀಕ್ಷಿಸಿದಾಗಲೇ ಶಿಖರದ ತುದಿ ಸುಮಾರು 75 ಸೆಂಟಿಮೀಟರ್ ವಾಲಿತ್ತು. ಅಮ್ಮ ಬಾಗಿದ ಕಂಬದ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. "ಪಾಪ, ಎಷ್ಟು ವರ್ಷದಿಂದ ಹೊತ್ತಿದೆಯೋ" ಅಂದಳು.

ಅಲ್ಲೇ ದೀಕ್ಷಾಸ್ನಾನದ ತೊಟ್ಟಿಯಿದೆ. ಶಿಲ್ಪಿ ವಿಲಿಯಂ ಪೈ ಮಾಡಿದ್ದು, 2008ರದು. ಅಂಚಿನವರೆಗೆ ತುಂಬಿದ ನೀರು ಅಲುಗಾಡುವುದೇ ಇಲ್ಲ, ಮೇಲಿನ ಕಮಾನುಗಳೆಲ್ಲ ತಲೆಕೆಳಗಾಗಿ ಅದರಲ್ಲಿ ಕಾಣುತ್ತವೆ. ಅಮ್ಮ ಕನ್ನಡಿ ಅಂದುಕೊಂಡು ಬೆರಳು ತಾಗಿಸಿದಾಗಲೇ ನೀರೆಂದು ತಿಳಿದದ್ದು. ನಾಲ್ಕು ಮೂಲೆಯಿಂದ ಸಣ್ಣಗೆ ಧಾರೆ ಇಳಿಯುತ್ತಿರುತ್ತದೆ.

ಪಾದ್ರಿಗಳ ಸಭಾಗೃಹವಾದ ಚಾಪ್ಟರ್ ಹೌಸ್‌ನಲ್ಲಿ 1215ರ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರ ಇದೆ. ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಒಂದು. ಒಂದೇ ಹಾಳೆ ಚರ್ಮದ ಮೇಲೆ ಉಸಿರಾಡಲೂ ಜಾಗ ಬಿಡದ ಹಾಗೆ ಬರೆದ ಲ್ಯಾಟಿನ್ ಅಕ್ಷರಗಳು. ಯಾರಿಗೂ ನ್ಯಾಯವನ್ನು ಮಾರುವುದಿಲ್ಲ, ನಿರಾಕರಿಸುವುದಿಲ್ಲ, ತಡ ಮಾಡುವುದಿಲ್ಲ ಎಂದು ಅರಸನೊಬ್ಬನಿಂದ ಬರೆಸಿಕೊಂಡ ಕಾಗದವಿದು ಎಂದು ಹೇಳಿ ತೋರಿಸಿ. ನಿಮ್ಮ ತಂದೆ ಅಲ್ಲಿಂದ ಬೇಗ ಹೊರಡುವುದಿಲ್ಲ. ಮುಳ್ಳು-ಮುಖ ಇಲ್ಲದ, ಗಂಟೆ ಮಾತ್ರ ಬಾರಿಸುವ ಗಡಿಯಾರವೂ ಇದೆ, ಸುಮಾರು 1386ರದು. ಗೋಪುರ ಹತ್ತಲು 332 ಮೆಟ್ಟಿಲು. ಮಂಡಿನೋವಿದ್ದರೆ ಬೇಡ.

ರಾತ್ರಿ ಉಳಿಯಿರಿ ಅನ್ನುವುದಕ್ಕೆ ಮುಖ್ಯ ಕಾರಣ ಸಂಜೆಯ ಪ್ರಾರ್ಥನೆ, ಈವನ್‌ಸಾಂಗ್. ಅದಕ್ಕೆ ಟಿಕೆಟ್ ಇಲ್ಲ, ಯಾವ ಧರ್ಮದವರೂ ಹೋಗಿ ಕೂರಬಹುದು. ಮಕ್ಕಳ ಕಂಠ ಆ ಕಲ್ಲಿಗೆ ತಾಗಿ ಮರಳಿ ಬರುವುದನ್ನು ಕೇಳಿಯೇ ತಿಳಿಯಬೇಕು. ಹುಡುಗಿಯರಿಗೂ ಪ್ರತ್ಯೇಕ ಗಾಯಕವೃಂದ ಶುರುಮಾಡಿದ ಮೊದಲ ಇಂಗ್ಲಿಷ್ ಕ್ಯಾಥೆಡ್ರಲ್ ಇದೇ, 1991ರಲ್ಲಿ. ಸಮಯವನ್ನು ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಮರುದಿನ ಬೆಳಿಗ್ಗೆ ಸ್ಟೋನ್‌ಹೆಂಜ್. ರೈಲ್ವೆ ಸ್ಟೇಷನ್ನಿಂದಲೇ ಪ್ರವಾಸಿ ಬಸ್ ಇದೆ. ಅದರ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಒಂದು ಮಾತು: ಸಾಮಾನ್ಯ ಟಿಕೆಟ್‌ನಲ್ಲಿ ಕಲ್ಲುಗಳ ನಡುವೆ ಬಿಡುವುದಿಲ್ಲ, ಸುತ್ತ ನಡೆದು ನೋಡಬೇಕು. ಬಯಲಿನಲ್ಲಿ ಗಾಳಿ ಜೋರು, ಬೇಸಿಗೆಯಲ್ಲೂ ಅಮ್ಮನಿಗೆ ಸ್ವೆಟರ್ ಇರಲಿ.

ವಾಪಸು ಬರುವಾಗ ಓಲ್ಡ್ ಸೇರಮ್‌ನಲ್ಲಿ ಇಳಿಯಿರಿ. ಸಾಲ್ಸ್‌ಬರಿ ಮೊದಲಿದ್ದದ್ದು ಆ ಗುಡ್ಡದ ಮೇಲೆ. ನೀರಿನ ಕಷ್ಟ, ಗಾಳಿ, ಮೇಲಾಗಿ ಕೋಟೆಯ ಸೈನಿಕರ ಜೊತೆ ಪಾದ್ರಿಗಳ ಜಗಳ. ಬೇಸತ್ತು ಕ್ಯಾಥೆಡ್ರಲ್ಲನ್ನೇ ಕೆಳಗಿನ ಬಯಲಿಗೆ ತಂದರು. ಈಗ ಹಳೆಯದರ ಗುರುತು ಹುಲ್ಲಿನ ಮೇಲೆ ನಕ್ಷೆ ಬಿಡಿಸಿದ ಹಾಗೆ ಉಳಿದಿದೆ. ಜನ ಬಿಟ್ಟುಹೋದ ಈ ಗುಡ್ಡ 1832ರವರೆಗೂ ಸಂಸತ್ತಿಗೆ ಇಬ್ಬರನ್ನು ಕಳಿಸುತ್ತಿತ್ತು! ನಮ್ಮ ದೇಶದ ವ್ಯಾಪಾರದಲ್ಲಿ ದುಡ್ಡು ಮಾಡಿದ ಥಾಮಸ್ ಪಿಟ್ ಇದನ್ನು ಕೊಂಡ, ಜೊತೆಗೆ ಆ ಇಬ್ಬರನ್ನು ಆರಿಸುವ ಹಿಡಿತವೂ ಸಿಕ್ಕಿತು. ಮುಂದೆ ಮದರಾಸಿನ ಗವರ್ನರ್ ಆಗಿ ಗೋಲ್ಕೊಂಡ ಸೀಮೆಯ ದೊಡ್ಡ ವಜ್ರವೊಂದನ್ನೂ ಕೊಂಡ, ಅದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಸೇರಿದ್ದು. ಅವನ ಮೊಮ್ಮಗ ವಿಲಿಯಂ ಪಿಟ್ ಇದೇ ಖಾಲಿ ಗುಡ್ಡದಿಂದ 1735ರಲ್ಲಿ ಸಂಸತ್ತಿಗೆ ಹೋಗಿ, ಆಮೇಲೆ ಪ್ರಧಾನಿಯಾದ. ಅಲ್ಲಿ ನಿಂತಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಊಟಕ್ಕೆ ಮಂಗಳವಾರ, ಶನಿವಾರ ಮಾರ್ಕೆಟ್ ಸ್ಕ್ವೇರ್‌ನಲ್ಲಿ ಸಂತೆ ಇರುತ್ತದೆ. ನಾವು ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಟೌನ್ ಪಾತ್ ಹಿಡಿದು ಹಾರ್ನಮ್ ಕಡೆಗೆ ನಡೆದರೆ ಎರಡೂ ಬದಿ ನೀರುಗಾಲುವೆಯ ಹುಲ್ಲುಗಾವಲು, ಕುರಿಗಳು, ಅವುಗಳಾಚೆ ಶಿಖರ. ದಾರಿಯಲ್ಲೊಂದು ಬೆಂಚು ಹಿಡಿದು ಡಬ್ಬಿ ಬಿಚ್ಚಿ. ಉಪ್ಪಿನಕಾಯಿ ಮರೆಯಬೇಡಿ.