ಹಳೆಯ ಪೆಟ್ಟಿಗೆ ಸಾಕು, ಹಳೆಯ ಡಿಸ್ಕ್ ಬೇಡ

ಪ್ರಶ್ನೆ: ಫೋಟೊ, ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್ ಸೇರಿ ಸುಮಾರು 2 ಟಿಬಿ ಇದೆ. ಮನೆಯಲ್ಲೇ ಸರ್ವರ್ ಮಾಡಲು ಕಚೇರಿಯ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಆದೀತೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಧಾರಾಳವಾಗಿ. ಇಂಟೆಲ್ 6ನೇ ತಲೆಮಾರಿನ ಐ3, 8 ಜಿಬಿ ರ್‍ಯಾಮ್ ಇದ್ದರೆ ಬೇಕಾದಷ್ಟಾಯಿತು. ದುಡ್ಡು ಕೊಡುವ ಮುಂಚೆ ಮುಚ್ಚಳ ತೆಗೆಸಿ ನೋಡಿ: 3.5 ಇಂಚಿನ ಎರಡು ಡಿಸ್ಕ್ ಕೂರುವ ಜಾಗ, ಡಿಸ್ಕ್ ಜೋಡಿಸುವ ಮೂರು ಸಾಟಾ ಪೋರ್ಟ್ (ಒಂದು ಸಿಸ್ಟಮ್ ಡಿಸ್ಕಿಗೆ) ಇರಲೇಬೇಕು. ಮಿನಿ ಪಿಸಿಗೆ ಯುಎಸ್‌ಬಿ ಡಿಸ್ಕ್ ನೇತುಹಾಕುವ ಉಪಾಯ ಬೇಡ. ಕೇಬಲ್ ಅಲುಗಿದರೆ ಡಿಸ್ಕೇ ಮಾಯ.

ಖರ್ಚು ಮಾಡಬೇಕಾದ್ದು ಡಿಸ್ಕಿಗೆ. 4 ಟಿಬಿಯ ಎರಡು ಹೊಸ ಡಿಸ್ಕ್ ಕೊಂಡು ಮಿರರ್ ಮಾಡಿ, ಅಂದರೆ ಬರೆದದ್ದೆಲ್ಲ ಎರಡರಲ್ಲೂ ಒಟ್ಟಿಗೇ ಕೂರುವಂತೆ ಜೋಡಿಸಿ. ಸಿಎಂಆರ್ (ದತ್ತಾಂಶ ಬರೆದ ಸಾಲುಗಳು ಬಿಡಿಬಿಡಿಯಾಗಿರುವ) ಮಾದರಿಯೇ ಆಗಲಿ: ಡಬ್ಲ್ಯುಡಿ ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್. ಅಗ್ಗದ ಎಸ್‌ಎಂಆರ್ ಡಿಸ್ಕಿನಲ್ಲಿ ದತ್ತಾಂಶದ ಸಾಲುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಡಿಸ್ಕ್ ಕೆಟ್ಟು ಬದಲಿಸಿದಾಗ ಮಿರರ್ ಮರುಕಟ್ಟುವ ಕೆಲಸ ದಿನಗಟ್ಟಲೆ ಎಳೆಯುವುದು ಇದರಿಂದಲೇ.

600 ವಿಎ ಯುಪಿಎಸ್ ಇಡಿ. ತುಲಾ ತಿಂಗಳ ಸಂಜೆ ಗುಡುಗಿದರೆ ಸರ್ವರ್ ಆಫ್ ಮಾಡಿ ಪ್ಲಗ್ ಮಾತ್ರವಲ್ಲ, ಲ್ಯಾನ್ ಕೇಬಲನ್ನೂ ಕಳಚಿ. ಸಿಡಿಲಿನ ವಿದ್ಯುತ್ ಅದರಲ್ಲೂ ನುಗ್ಗುತ್ತದೆ.

ಅಂದಹಾಗೆ, ಕೈತಪ್ಪಿ ಅಳಿಸಿದ ಕಡತ ಮಿರರ್‌ನ ಎರಡೂ ಡಿಸ್ಕಿನಿಂದ ಹೋಗುತ್ತದೆ. ಮೂರನೆಯ ಪ್ರತಿಯೊಂದು ನೆಂಟರ ಮನೆಯ ಕಪಾಟಿನಲ್ಲಿರಲಿ.