ಎಚ್‌ಪಿವಿ ಪಾಸಿಟಿವ್ ಬಂದಿದೆ, ತೊಂದರೆ ಏನೂ ಇಲ್ಲ. ಕಾಲ್ಪೋಸ್ಕೋಪಿಗೆ ಹೋಗಲೇಬೇಕಾ?

ಹೋಗಲೇಬೇಕು. ಕಾಲ್ಪೋಸ್ಕೋಪಿ ಅಂದರೆ ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ಮಾಡಿ ನೋಡುವ ಪರೀಕ್ಷೆ. ನಿಮಗೆ 41 ವರ್ಷ, ಎಚ್‌ಪಿವಿ ವೈರಸ್‌ನ 16ನೇ ತಳಿ ಪಾಸಿಟಿವ್, ಮೈಯಲ್ಲಿ ನೋವಿಲ್ಲ ಎಂದು ಬರೆದಿದ್ದೀರಿ. ಆರು ವರ್ಷದ ಹಿಂದೆ ಇಂಥದ್ದೇ ರಿಪೋರ್ಟ್ ನನಗೂ ಬಂದಿತ್ತು. ಅದನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತಳ್ಳಿ ನಾಲ್ಕು ತಿಂಗಳು ಸುಮ್ನೆ ಇದ್ದೆ. ಮೈ ಚೆನ್ನಾಗೇ ಇದೆ ಅಲ್ವಾ ಅಂತ. ಆ ತಪ್ಪು ನೀವು ಮಾಡಬೇಡಿ.

ಇದು ಕ್ಯಾನ್ಸರ್ ಬಂದಿದೆ ಅನ್ನುವ ರಿಪೋರ್ಟ್ ಅಲ್ಲ. ಎಚ್‌ಪಿವಿ ತುಂಬಾ ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುವ ವೈರಸ್. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೂ, ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಆದರೆ ಈ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ 16 ಮತ್ತು 18ನೇ ತಳಿಗಳೇ ಕಾರಣ. ಅದಕ್ಕೇ ಡಾಕ್ಟರ್ ಕಾದು ನೋಡೋಣ ಅನ್ನದೆ ಕಳಿಸುತ್ತಿದ್ದಾರೆ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಗೆ ನೋವೂ ಇರುವುದಿಲ್ಲ, ಬಿಳಿ ಸೆರಗೂ ಜಾಸ್ತಿ ಆಗಬೇಕಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾರಿಂದ ಬಂತು ಎಂದು ಗಂಡನ ಜೊತೆ ಜಗಳ ಬೇಡ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಯಾವಾಗ ತಗಲಿತು ಎಂದು ಈ ಟೆಸ್ಟ್ ಹೇಳುವುದಿಲ್ಲ.

ಕಾಲ್ಪೋಸ್ಕೋಪ್ ಅನ್ನುವ ಯಂತ್ರ ದೇಹದೊಳಗೆ ಹೋಗುವುದಿಲ್ಲ, ಹೊರಗಿನಿಂದಲೇ ದೊಡ್ಡದಾಗಿ ತೋರಿಸುತ್ತದೆ. ಒಳಗೆ ಇಡುವುದು ಪ್ಯಾಪ್ ಟೆಸ್ಟ್‌ನಲ್ಲಿ (ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಟೆಸ್ಟ್) ಇಡುವ, ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಅನ್ನೇ. ನನಗೆ ಹತ್ತಿಯನ್ನು ಅಸಿಟಿಕ್ ಆಸಿಡ್‌ನಲ್ಲಿ ಅದ್ದಿ ಹಚ್ಚಿದರು, ವಿನೆಗರ್ ಘಾಟು ಮೂಗಿಗೆ ಬಂತು. ನಾನು ಸ್ಕ್ರೀನ್ ನೋಡುತ್ತಿದ್ದೆ. ಗುಲಾಬಿ ಬಣ್ಣದ ಜಾಗದ ಒಂದು ಅಂಚು ನೋಡನೋಡುತ್ತಲೇ ಬೆಳ್ಳಗಾಯಿತು. ಅಲ್ಲಿಂದಲೇ ಅಕ್ಕಿಕಾಳಿನಷ್ಟು ಚೂರನ್ನು ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಪರೀಕ್ಷಿಸಲು, ತೆಗೆದರು. ಚಿವುಟಿದ ಹಾಗಾಯಿತು, ಆಮೇಲೆ ಮುಟ್ಟಿನ ದಿನದಂತೆ ಕಿಬ್ಬೊಟ್ಟೆ ಹಿಂಡಿತು. ಅಷ್ಟೇ.

ನನ್ನ ಬಯಾಪ್ಸಿ ರಿಪೋರ್ಟ್‌ನಲ್ಲಿ ಬಂದದ್ದು ಸಿಐಎನ್ 3. ಅಂದರೆ ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಆಗಬಹುದಾದದ್ದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕರೆಂಟ್ ಹಾಯುವ ತೆಳು ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆದರು. ಇದನ್ನು ಲೀಪ್ ಅನ್ನುತ್ತಾರೆ. ಸಂಜೆ ಮನೆಯಲ್ಲಿದ್ದೆ, ಗರ್ಭಕೋಶವೂ ಉಳಿಯಿತು. ಈಗಲೂ ಹೇಳಿದ ದಿನಕ್ಕೆ ಟೆಸ್ಟ್‌ಗೆ ಹೋಗುತ್ತೇನೆ. ಕ್ಯಾನ್ಸರ್ ಆಗಿ ಹರಡಿದ ಮೇಲೆ ಗೊತ್ತಾದರೆ ರೇಡಿಯೇಷನ್, ಕೀಮೋ ಅಂತ ದಾರಿ ಬಹಳ ಉದ್ದ. ಅಂಡಾಶಯದ ಕ್ಯಾನ್ಸರ್‌ಗೆ ಎಲ್ಲ ಹೆಂಗಸರಿಗೂ ಮಾಡಿಸಿ ಎನ್ನುವಂಥ ಟೆಸ್ಟ್ ಇನ್ನೂ ಇಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಇದೆ, ನಿಮ್ಮ ಕೈಯಲ್ಲೇ ಇದೆ.

ಸಂಬಂಧದ ನಂತರ ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಂಡರೆ ಕೊಟ್ಟ ದಿನಾಂಕಕ್ಕೂ ಕಾಯಬೇಡಿ. ಇಲ್ಲವಾದರೆ ಮುಟ್ಟಿಲ್ಲದ ದಿನ ನೋಡಿ ಹೋಗಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಬಸುರಿ ಇರಬಹುದು ಅನ್ನಿಸಿದರೆ ಮೊದಲೇ ಹೇಳಿ. ಬ್ಯಾಗಿನಲ್ಲಿ ಒಂದು ಪ್ಯಾಡ್ ಇರಲಿ, ಬರುವಾಗ ಬೇಕಾಗುತ್ತದೆ.