ತುಘಲಕ್‌ನ ತಾಮ್ರದ ನಾಣ್ಯ ಹುಚ್ಚುತನವೇ?

ಯೋಚನೆ ಹುಚ್ಚಿನದಲ್ಲ. ನಮ್ಮ 500 ರೂಪಾಯಿ ನೋಟಿನ ಕಾಗದಕ್ಕೆ ಅಷ್ಟು ಬೆಲೆ ಎಲ್ಲಿದೆ? ಸರ್ಕಾರದ ಮೇಲಿನ ನಂಬಿಕೆಯಿಂದಲೇ ಅದು ನಡೆಯುತ್ತದೆ. ಸುಮಾರು 1330ರಲ್ಲಿ ಮುಹಮ್ಮದ್ ಬಿನ್ ತುಘಲಕ್ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ, ಅವನ್ನು ಬೆಳ್ಳಿಯ ಟಂಕಕ್ಕೆ ಸಮವೆಂದು ಸ್ವೀಕರಿಸಬೇಕೆಂದು ಆಜ್ಞೆ ಮಾಡಿದ. ಚೀನಾದಲ್ಲಿ ಆಗಲೇ ಕಾಗದದ ಹಣವೇ ಚಲಾವಣೆಯಲ್ಲಿತ್ತು.

ಸುಲ್ತಾನ ಎಡವಿದ್ದು ಟಂಕಸಾಲೆಯಲ್ಲಿ. ಆ ನಾಣ್ಯವನ್ನು ನಕಲು ಮಾಡುವುದು ತೀರಾ ಸುಲಭವಾಗಿತ್ತು. ಮನೆಮನೆಯೂ ಟಂಕಸಾಲೆಯಾಯಿತೆಂದು ಆ ಕಾಲದ ಇತಿಹಾಸಕಾರ ಬರನಿ ದೂರುತ್ತಾನೆ (ಅವನಿಗೆ ಉತ್ಪ್ರೇಕ್ಷೆಯೂ ಇಷ್ಟವೇ). ಜನ ಕಂದಾಯವನ್ನು ತಾಮ್ರದಲ್ಲಿ ಕಟ್ಟಿ ಬೆಳ್ಳಿಯನ್ನು ಬಚ್ಚಿಟ್ಟರು. ಕೆಟ್ಟ ಹಣ ಒಳ್ಳೆಯ ಹಣವನ್ನು ಚಲಾವಣೆಯಿಂದ ಹೊರದಬ್ಬುವ ಇದನ್ನೇ ಅರ್ಥಶಾಸ್ತ್ರದಲ್ಲಿ ಗ್ರೆಷಮ್ ನಿಯಮ ಎನ್ನುತ್ತಾರೆ. ಕೊನೆಗೆ ಸುಲ್ತಾನ ಖಜಾನೆಯ ಬೆಳ್ಳಿ ಬಂಗಾರ ಕೊಟ್ಟು ತಾಮ್ರವನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು.